ಬೆಳ್ಳಾರೆಯ ಕಡಲಹಕ್ಕಿಯ ಮಹಜರು

ಘಟ್ಟದ ಬುಡದ ನಮ್ಮ ಬೆಳ್ಳಾರೆಗೆ ಕಡಲು ಬರುವುದು ಬೆಳಗಿನ ಬಸ್ಸಿನ ಟಾಪಿನಲ್ಲಿ, ಇಬ್ರಾಯಿ ಬ್ಯಾರಿಗಳ ಮೀನಿನ ಬುಟ್ಟಿಯೊಳಗೆ ಕುಳಿತು. ಉಳಿದಂತೆ ಸಮುದ್ರರಾಜನಿಗೂ ನನಗೂ ಯಾವ ವ್ಯವಹಾರವೂ ಇರಲಿಲ್ಲ, ಎಂಬತ್ತರ ದಶಕದ ಒಂದು ಮುಂಗಾರಿನ ಬಿರುಗಾಳಿ ನಮ್ಮ ಬಚ್ಚಲಿನ ಹಿಂದೆ ಒಂದು ಹಕ್ಕಿಯನ್ನು ತಂದೆಸೆಯುವವರೆಗೆ.

ಬೆನ್ನು ಮಸಿ, ಹೊಟ್ಟೆ ಬಿಳಿ, ಬಾಲ ಕತ್ತರಿ. ನಿವೃತ್ತ ಶ್ಯಾನುಭಾಗನಾದ ನಾನು ಗಡಿಕಲ್ಲು ಬಲ್ಲೆನೇ ಹೊರತು ಪಕ್ಷಿಕುಲವನ್ನಲ್ಲ. ಬಾತುಕೋಳಿಯ ದೂರದ ನೆಂಟನೆಂದು ತೀರ್ಮಾನಿಸಿ, ಯಥೋಚಿತ ಗಾಂಭೀರ್ಯದಿಂದ ಗಂಜಿ ಬಡಿಸಿದೆ. ಅದು ಗಂಜಿಯನ್ನೂ ನನ್ನನ್ನೂ ಒಂದೇ ತಿರಸ್ಕಾರದಿಂದ ನೋಡಿತು.

"ಎಂತ ಮಾರಾಯ್ರೆ, ಕಡಲಹಕ್ಕಿಗೆ ಗಂಜಿ ಕೊಡುದಾ?" ದಾರಿಯಲ್ಲಿ ಹೋಗುತ್ತಿದ್ದ ಇಬ್ರಾಯಿ ನಿಂತರು. "ಇದು ದಡಕ್ಕೇ ಬರುದಿಲ್ಲ. ನಾನು ಮೊದಲು ದೋಣಿಗೆ ಹೋಗುವಾಗ ಆಳಕಡಲಲ್ಲಿ ಮಾತ್ರ ಕಂಡದ್ದು."

ಮೀನು ಮುಟ್ಟದ ನನ್ನ ಜಗಲಿಯಲ್ಲಿ ಅಂದೇ ಮೊದಲು ಅವರ ಬುಟ್ಟಿಯಿಂದ ಬೂತಾಯಿ ಮೀನು ಇಳಿಯಿತು. ಹಕ್ಕಿ ನುಂಗಿತು, ನಾನು ಮೂಗು ಮುಚ್ಚಿಕೊಂಡೆ. ಮೂರನೆಯ ದಿನ ಇಬ್ರಾಯಿ ಅದನ್ನು ಖಾಲಿ ಬುಟ್ಟಿಯಲ್ಲಿ ಮಂಗಳೂರಿಗೆ ಒಯ್ದು, ಹೊಳೆ ಕಡಲು ಸೇರುವ ಅಳಿವೆಯಲ್ಲಿ ಹಾರಿಬಿಟ್ಟರು.

ಕಡಲಹಕ್ಕಿಗಳು ಎಲ್ಲೆಲ್ಲಿ ಬೀಳುತ್ತವೆಂದು ತಿಳಿಯದೆ ಅವನ್ನು ಉಳಿಸುವುದೆಂತು, ಸಾರ್ವಜನಿಕರು ಬರೆದು ತಿಳಿಸಿರಿ ಎಂದು ಪೇಟೆಯ ಪಕ್ಷಿಸಂಘವೊಂದು ಪತ್ರಿಕೆಯಲ್ಲಿ ವಿನಂತಿಸಿಕೊಂಡಿತ್ತು. ನಾನೂ ಸಾರ್ವಜನಿಕನೇ ತಾನೆ, ಓದುಗರೇ? ನನಗೆ ಗೊತ್ತಿದ್ದ ಏಕೈಕ ಶಾಸ್ತ್ರದ ಪ್ರಕಾರ ಪಂಚರ ಸಮಕ್ಷಮ ಮಹಜರು ಬರೆದೆ. ಹಕ್ಕಿ ಬಿದ್ದ ಸ್ಥಳಕ್ಕೆ ನಾಲ್ಕು ದಿಕ್ಕಿನ ಚೆಕ್ಕುಬಂದಿ. ಕೆಳಗೆ ಮೊದಲ ಸಾಕ್ಷಿ ಇಬ್ರಾಯಿಯವರ ಹೆಬ್ಬೆಟ್ಟು.

ಉತ್ತರ ಬಂತು: ಬೆಳ್ಳಾರೆಗೆ ಕಡಲತೀರವಿಲ್ಲ, ಮೀನು ಮಾರುವವರ ಹೇಳಿಕೆ ಪುರಾವೆಯಾಗದು, ತಾವು ಕಂಡದ್ದು ಊರಿನದೇ ಕತ್ತರಿಬಾಲದ ಕಾಜಾಣ ಹಕ್ಕಿಯಿರಬೇಕು. ಜೊತೆಗೆ, ಮುಂದಿನ ಸಲ ತುಂಬಲೆಂದು ಒಂದು ಅಚ್ಚಿನ ನಮೂನೆ.

"ಬಿಡಿ ಶ್ಯಾನುಭಾಗ್ರೇ," ಇಬ್ರಾಯಿ ನಕ್ಕರು, "ಅವರು ಒಪ್ಪದಿದ್ದರೆ ಹಕ್ಕಿಗೆ ಎಂತ ನಷ್ಟ?"

"ನಷ್ಟ ಉಂಟು. ದಾಖಲೆಯಲ್ಲಿ ಇಲ್ಲದ್ದನ್ನು ಯಾರೂ ಕಾಯುವುದಿಲ್ಲ." ನನ್ನ ಅಕ್ಷರ ಕೆಟ್ಟದೆಂದರೆ ಸಹಿಸಿಯೇನು, ನನ್ನ ಪಂಚರು ಸುಳ್ಳರೆಂದರೆ ಸಹಿಸಲಾರೆ.

ಮರುವರ್ಷದ ಗಾಳಿಗೆ ಇಚಿಲಂಪಾಡಿಯಲ್ಲೊಂದು, ಕಡಬದಲ್ಲೊಂದು ಹಕ್ಕಿ ಬಿತ್ತು. ಆ ಊರುಗಳಿಗೆ ಓಡುವ ಬಾಡಿಗೆ ಜೀಪಿನವರೇ ಸುದ್ದಿ ತಂದರು. ನನ್ನ ಹಕ್ಕಿಯ ಕಥೆ ಆಗಲೇ ಊರೂರು ತಲುಪಿದ್ದರಿಂದ ಯಾರೂ ಗಂಜಿ ಕೊಟ್ಟಿರಲಿಲ್ಲ. ಎರಡು ಮಹಜರು, ಹನ್ನೊಂದು ಸಾಕ್ಷಿಗಳು. ಅಚ್ಚಿನ ನಮೂನೆಯನ್ನೂ ತುಂಬಿದೆ. 'ಸಮೀಪದ ಕಡಲತೀರ' ಎಂಬಲ್ಲಿ ದುಂಡಗಿನ ಸರಕಾರಿ ಅಕ್ಷರದಲ್ಲಿ ಬರೆದೆ: ಬೆಳ್ಳಾರೆ ಬಸ್‌ನಿಲ್ದಾಣ, ಬೆಳಗಿನ ಬಸ್ಸು, ಟಾಪಿನ ಮೇಲೆ. ಸಂಶಯವಿದ್ದಲ್ಲಿ ಸ್ಥಳತನಿಖೆಗೆ ಬರುವುದು. ಮೊದಲ ಸಾಕ್ಷಿ ಬುಟ್ಟಿ ಇಳಿಸುತ್ತಿರುತ್ತಾರೆ.