ನಿಮಿಯಾ ಬಾಯಿ ಮುಚ್ಚಿಕೊಂಡ ಎರಡು ದಿನ

ನಿಮಿಯಾ ಕಾಂತೇರೊ ಸಿರಿಂಜಿನ ಗಾಳಿ ಹೊರಹಾಕಿ, ತ್ರಾಂಕಿಲಿನೊ ಮುದುಕನಿಗೆ ಗೋಡೆಯ ಕಡೆ ತಿರುಗಿ ನಿಲ್ಲಲು ಹೇಳಿದಳು. ಮಾವಿನ ಮರದ ಕೆಳಗೆ ಒಂದು ಮೇಜು, ಮೇಜಿನ ಮೇಲೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಅದರ ಮೇಲೆ ಸ್ಪಿರಿಟ್ಟು, ಹತ್ತಿ, ಸೂಜಿ ಹಾಕಲು ಖಾಲಿ ಎಣ್ಣೆ ಡಬ್ಬಿ. ಆಗಸ್ಟ್‌ನಿಂದ ಅವಳ ಆಸ್ಪತ್ರೆ ಇಷ್ಟೇ. ಬೇಲಿಯಾಚೆ ಮೂವತ್ತು ಹೆಜ್ಜೆ ದೂರದಲ್ಲಿ ಪಾಸೊ ಕರಾಯಾ ಊರಿನ ಸರ್ಕಾರಿ ಆರೋಗ್ಯ ಕೇಂದ್ರವಿತ್ತು. ಅಲ್ಲಿ ಅವಳು ಹನ್ನೊಂದು ವರ್ಷ ದುಡಿದಿದ್ದಳು.

"ಅಲ್ಲಿ ಆ ಹುಡುಗಿ ಚುಚ್ಚಿದ್ರೆ ಮೂರು ದಿನ ಕೂರೋಕಾಗಲ್ಲ," ಎಂದ ಮುದುಕ. "ಕುದುರೆಗೆ ಲಾಳ ಹೊಡೆದಂಗೆ ಹೊಡೀತಾಳೆ."

"ಮೈ ಬಿಗಿ ಹಿಡೀಬೇಡಿ ಅಜ್ಜ."

"ನಿನ್ನ ವಾಪಸ್ ಕರೆಯಲ್ವಂತಾ?"

"ಕರೀತಾರೆ. ಸುನಿಲ್ದಾ ಮಣ್ಣಿಗೆ ಹೋದ್ಮೇಲೆ."

ಮುದುಕ ನಕ್ಕ. ನಿಮಿಯಾ ನಗಲಿಲ್ಲ. ಹತ್ತಿಯಿಂದ ಒತ್ತಿ ಹಿಡಿದು, ಅರ್ಧ ನಿಮಿಷ ಮನಸ್ಸಿನಲ್ಲೇ ಎಣಿಸಿ, ಕೈ ತೆಗೆದಳು.

ಪರಾಗ್ವೆಯ ಇಂಥ ಸಣ್ಣ ಊರುಗಳಲ್ಲಿ ಗುತ್ತಿಗೆ ನರ್ಸಿನ ನೌಕರಿ ಆರಾರು ತಿಂಗಳಿಗೊಮ್ಮೆ ನವೀಕರಣವಾಗಬೇಕು. ಯಾರ ಹೆಸರು ಉಳಿಯಬೇಕು, ಯಾರದು ಹೋಗಬೇಕು ಎನ್ನುವ ಪಟ್ಟಿ ತಯಾರಾಗುವುದು ಪಕ್ಷದ ಸ್ಥಳೀಯ ಅಧ್ಯಕ್ಷನ ಜಗಲಿಯಲ್ಲಿ. ಅಧ್ಯಕ್ಷ ದೋನ್ ಎಲಿಹಿಯೊ ಜೂನ್‌ನಲ್ಲಿ ಪಕ್ಷದ ಒಳಚುನಾವಣೆಗೆ ನಿಂತಾಗ, ಗುತ್ತಿಗೆಯವರೆಲ್ಲ ತಲಾ ಹತ್ತು ಮತದಾರರ ಹೆಸರು ತರಬೇಕೆಂದು ಹೇಳಿ ಕಳಿಸಿದ್ದ. ಎದುರು ಬಣದಲ್ಲಿ ನಿಮಿಯಾಳ ತಮ್ಮನೇ ನಿಂತಿದ್ದ. ಅವಳು ಇವನಿಗೂ ಹೆಸರು ಕೊಡಲಿಲ್ಲ, ತಮ್ಮನಿಗೂ ಕೊಡಲಿಲ್ಲ. ಇಬ್ಬರಿಗೂ ಕೊಡದಿದ್ದರೆ ಇಬ್ಬರೂ ತನ್ನನ್ನು ಬಿಟ್ಟುಬಿಡುತ್ತಾರೆ ಎಂದು ಭಾವಿಸಿದ್ದಳು. ಅದನ್ನೇ ತಮ್ಮನ ಪರ ನಿಂತಿದ್ದಾಳೆ ಎಂದು ಬಣ್ಣ ಕಟ್ಟಿ ಅಧ್ಯಕ್ಷನ ಜಗಲಿಗೆ ಮುಟ್ಟಿಸಿದವಳು ಕೇಂದ್ರದ ಮುಖ್ಯ ನರ್ಸ್ ಸುನಿಲ್ದಾ ಓವೆಲಾರ್.

ಸುನಿಲ್ದಾ ಪದವಿ ಪಡೆದವಳು. ಹಾಗಾಗಿ ಊರಿನಲ್ಲಿ ಎಲ್ಲರಿಗೂ ಅವಳು ಲಿಸೆಂಸಿಯಾದಾ. ನಿಮಿಯಾಳಿಗೆ ಕೆಲಸ ಕಲಿಸಿದವಳೂ ಅವಳೇ. ಕೂಸಿನ ನೆತ್ತಿಯಲ್ಲಿ ನರ ಹುಡುಕುವುದನ್ನು ತನ್ನ ಬೆರಳಿನ ಮೇಲೆ ನಿಮಿಯಾಳ ಬೆರಳಿಟ್ಟು ತೋರಿಸಿಕೊಟ್ಟಿದ್ದಳು. ಆದರೆ ನಾಲ್ಕೈದು ವರ್ಷಗಳಿಂದ ತಾಯಂದಿರು ಬಾಗಿಲಲ್ಲೇ ನಿಂತು "ನಿಮಿಯಾ ಇದ್ದಾಳಾ?" ಎಂದು ಕೇಳತೊಡಗಿದ್ದರು. ಇಲ್ಲ ಎಂದರೆ ನಾಳೆ ಬರುತ್ತೇವೆ ಎಂದು ಹೊರಟುಬಿಡುತ್ತಿದ್ದರು. ಕೇಳಿಸಿಕೊಂಡವಳಿಗೆ ಅದು ಸಣ್ಣ ಮಾತಲ್ಲ.

ಕೆಲಸ ಹೋಗುವ ಸುದ್ದಿ ನಿಮಿಯಾಳಿಗೆ ಕಾಗದಕ್ಕಿಂತ ಮೊದಲು ತೆರೆರೆ ಕುಡಿಯುವಾಗ ತಿಳಿಯಿತು. ಬೆಳಿಗ್ಗೆ ಒಂಬತ್ತಕ್ಕೆ ಕೇಂದ್ರದ ಹಿತ್ತಿಲಲ್ಲಿ ಎಲ್ಲರೂ ಸುತ್ತ ಕೂರುತ್ತಿದ್ದರು. ಪುದೀನ ಜಜ್ಜಿ ಹಾಕಿದ ಐಸ್ ನೀರು, ಸೊಪ್ಪು ತುಂಬಿದ ಒಂದೇ ಕೊಂಬಿನ ಲೋಟ, ಒಂದೇ ಹೀರುಗೊಳವೆ. ಸುನಿಲ್ದಾ ನೀರು ಹೊಯ್ದು ಒಬ್ಬೊಬ್ಬರಿಗೆ ಕೊಡುವಳು. ಸಾಕೆನಿಸಿದವರು ಲೋಟ ಹಿಂದಿರುಗಿಸುವಾಗ ಗ್ರಾಸಿಯಾಸ್, ಅಂದರೆ ಧನ್ಯವಾದ, ಎನ್ನಬೇಕು. ಅದನ್ನು ಹೇಳುವ ತನಕ ಯಾರ ಸರದಿಯೂ ತಪ್ಪುವಂತಿಲ್ಲ. ಜುಲೈನ ಒಂದು ಬೆಳಿಗ್ಗೆ ಲೋಟ ಕಸಗುಡಿಸುವ ಪಾಸ್ತೋರಾಳಿಂದ ಸುನಿಲ್ದಾಳ ಕೈಗೆ ಬಂದು, ನಿಮಿಯಾಳನ್ನು ದಾಟಿ, ಸುನಿಲ್ದಾಳ ಅಣ್ಣನ ಮಗಳು ಆರಾಸೆಲಿಯ ಕೈಗೆ ಹೋಯಿತು. ಆರಾಸೆಲಿ ಆ ವಾರವಷ್ಟೇ 'ಕೆಲಸ ನೋಡಿಕೊಂಡು ಹೋಗಲು' ಬಂದಿದ್ದ ಹುಡುಗಿ.

"ಲಿಸೆಂಸಿಯಾದಾ, ನಾನಿನ್ನೂ ಗ್ರಾಸಿಯಾಸ್ ಹೇಳಿಲ್ಲ," ಎಂದಳು ನಿಮಿಯಾ.

"ಹೇಳಿದೆ ಅಂದ್ಕೊಂಡೆ ಮಗಳೇ," ಎಂದಳು ಸುನಿಲ್ದಾ. ಜಗ್ಗಿನಿಂದ ಕಣ್ಣೆತ್ತಲಿಲ್ಲ.

ಹನ್ನೆರಡು ದಿನಗಳ ನಂತರ ಪಟ್ಟಿ ಬಂತು. ನಿಮಿಯಾಳ ಹೆಸರಿದ್ದ ಜಾಗದಲ್ಲಿ ಆರಾಸೆಲಿಯ ಹೆಸರಿತ್ತು. ಕಾರಣ ಬರೆದಿರಲಿಲ್ಲ. ಬರೆಯುವ ಪದ್ಧತಿಯೂ ಇರಲಿಲ್ಲ.

ಆ ನಂತರ ನಿಮಿಯಾ ಬಯಸಿದ್ದು ಹೋದ ನೌಕರಿಯನ್ನಲ್ಲ. ಸುನಿಲ್ದಾ ಆ ಕುರ್ಚಿಯಿಂದ ಇಳಿಯಬೇಕು, ಅದೂ ಕಾಗದದ ಮೇಲೆ, ಕಾರಣ ಬರೆದು, ಮೊಹರು ಒತ್ತಿ, ಊರೆಲ್ಲ ಓದುವಂತೆ. ತರಕಾರಿ ಹೆಚ್ಚುವಾಗಲೂ ಬಟ್ಟೆ ಹಿಂಡುವಾಗಲೂ ಅವಳು ಆ ಕಾಗದದ ವಾಕ್ಯಗಳನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದಳು.

ಡಿಸೆಂಬರ್ ಎಂಟು ಕಾಕುಪೆ ಊರಿನ ಇಗರ್ಜಿಯ ಕನ್ಯಾಮಾತೆಯ ಹಬ್ಬ. ಊರಿಗೆ ಊರೇ ಕಾಲ್ನಡಿಗೆಯಲ್ಲಿ ಹೊರಡುತ್ತದೆ. ಗಂಡನ ಮೂತ್ರಪಿಂಡದ ಶಸ್ತ್ರಚಿಕಿತ್ಸೆ ಸುಸೂತ್ರವಾದ ವರ್ಷದಿಂದ ಸುನಿಲ್ದಾಳಿಗೂ ಹರಕೆಯಿತ್ತು. ಕೊನೆಯ ಹರದಾರಿಯನ್ನು ಅವಳು ಬರಿಗಾಲಲ್ಲಿ ನಡೆಯುತ್ತಿದ್ದಳು. ಈ ಸಲ ಶನಿವಾರ ಮಧ್ಯಾಹ್ನವೇ ಹೊರಟಳು. ಕೇಂದ್ರದಲ್ಲಿರಬೇಕಿದ್ದ ಆರಾಸೆಲಿ ಭಾನುವಾರ ಬೆಳಿಗ್ಗೆ ಬೀಗ ಹಾಕಿ ಗೆಳತಿಯರ ಜೊತೆ ಹಿಂದೆಯೇ ನಡೆದಳು. ನಿಮಿಯಾ ಹೋಗಲಿಲ್ಲ. ಮನಸ್ಸಿನಲ್ಲಿದ್ದದ್ದನ್ನು ಇಟ್ಟುಕೊಂಡು ದೇವಿಯ ಮುಂದೆ ನಿಲ್ಲಲು ಅವಳಿಗೆ ಇಷ್ಟವಿರಲಿಲ್ಲ.

ಭಾನುವಾರ ಸಂಜೆ ನಾಲ್ಕಕ್ಕೆ ಬಿರುಗಾಳಿ ಬೀಸಿ ಕಂಬ ಉರುಳಿತು. ಕರೆಂಟು ಮರಳಿದ್ದು ಮಂಗಳವಾರ ಬೆಳಗಿನ ಐದಕ್ಕೆ. ಅಷ್ಟರಲ್ಲಿ ನಿಮಿಯಾಳ ಫ್ರಿಜ್ಜಿನಲ್ಲಿದ್ದ ಮಾಂಸ ವಾಸನೆ ಬಂದು, ಅದನ್ನು ಹಿತ್ತಿಲಲ್ಲಿ ಹೂತಿದ್ದಳು. ಆರು ಗಂಟೆಗೆ ಪಾಸ್ತೋರಾ ಬೇಲಿಯ ಮೇಲಿಂದ ಕರೆದಳು. ಕೆಲಸ ಕಾಯಂ ಆಗಿದ್ದುದರಿಂದ ಪಾಸ್ತೋರಾಳನ್ನು ಯಾವ ಪಟ್ಟಿಯೂ ಮುಟ್ಟುವಂತಿರಲಿಲ್ಲ. ಅವಳ ಮೊಮ್ಮಗನಿಗೆ ದೀಕ್ಷಾಸ್ನಾನದಲ್ಲಿ ನಿಮಿಯಾಳೇ ಧರ್ಮಮಾತೆ. ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ.

"ಕೊಮಾದ್ರೆ, ಲಸಿಕೆ ಫ್ರಿಜ್ಜಿನ ಕೆಳಗೆ ಕೆರೆ ಆಗಿದೆ. ಸ್ವಲ್ಪ ಬಂದು ನೋಡ್ತೀಯಾ? ಆ ಮಹಾತಾಯಿ ಇನ್ನೂ ಬಂದಿಲ್ಲ."

ನಾಲ್ಕು ತಿಂಗಳ ನಂತರ ನಿಮಿಯಾ ಆ ಹೊಸ್ತಿಲು ದಾಟಿದಳು. ಫ್ರಿಜ್ಜಿನ ಬಾಗಿಲು ತೆಗೆದಳು. ಐಸ್ ಪೊಟ್ಟಣಗಳು ನೀರಿನ ಚೀಲಗಳಾಗಿದ್ದವು. ಉಷ್ಣಮಾಪಕ ಇಪ್ಪತ್ತಾರು ತೋರಿಸುತ್ತಿತ್ತು. ಎಂಟು ದಾಟಬಾರದು. ಬಾಗಿಲ ಮೇಲೆ ಅಂಟಿಸಿದ ಹಾಳೆಯಲ್ಲಿ ದಿನಕ್ಕೆ ಎರಡು ಸಲ ಉಷ್ಣಾಂಶ ಬರೆದು ಸಹಿ ಹಾಕಬೇಕು. ಬರೆದಿತ್ತು. ಆರು, ಏಳು, ಎಂಟು, ಒಂಬತ್ತು, ನಾಲ್ಕೂ ತಾರೀಕುಗಳ ಬೆಳಿಗ್ಗೆ, ಸಂಜೆ. ನಾಲ್ಕು, ನಾಲ್ಕು, ಐದು, ನಾಲ್ಕು. ಒಂದೇ ನೀಲಿ ಶಾಯಿ, ಸುನಿಲ್ದಾಳ ಸಹಿ. ಒಂಬತ್ತರ ಸಂಜೆಯ ಉಷ್ಣಾಂಶ ಒಂಬತ್ತರ ಬೆಳಗಿನ ಆರು ಗಂಟೆಗೇ ದಾಖಲಾಗಿತ್ತು. ಯಾತ್ರೆಗೆ ಹೊರಡುವ ಅವಸರದಲ್ಲಿ ನಾಲ್ಕು ದಿನದ ಕೆಲಸವನ್ನು ಒಂದೇ ಉಸಿರಿಗೆ ಮುಗಿಸಿ ಹೋಗಿದ್ದಳು.

ನಿಮಿಯಾ ಫೋನ್ ತೆಗೆದು ಹಾಳೆಯದ್ದೊಂದು, ಉಷ್ಣಮಾಪಕದ್ದೊಂದು ಫೋಟೋ ತೆಗೆದಳು.

"ಏನ್ಮಾಡ್ಲಿ ಈಗ?" ಎಂದಳು ಪಾಸ್ತೋರಾ.

"ನೆಲ ಒರೆಸು. ಕರೆಂಟು ಬಂತಲ್ಲ, ತಾನೇ ತಣ್ಣಗಾಗುತ್ತೆ."

"ಲಿಸೆಂಸಿಯಾದಾಗೆ ಹೇಳ್ಲಾ?"

"ಏನಂತ? ನೀರು ಸೋರಿತ್ತು, ಒರೆಸ್ದೆ ಅಂತಾನಾ? ಅದಕ್ಕೂ ನಿನ್ನನ್ನೇ ಬೈತಾಳೆ."

ಪಾಸ್ತೋರಾ ಬಟ್ಟೆ ತರಲು ಹೋದಳು. ಬಾಗಿಲಿನ ತನಕ ಹೋದ ನಿಮಿಯಾ ಹಿಂದಿರುಗಿ ನೋಡಿ, "ನಾಳೆ ಮಗೂನ ಲಸಿಕೆಗೆ ತರಬೇಡ. ಮೊನ್ನೆ ಕೆಮ್ತಿತ್ತು," ಎಂದಳು.

"ಕೆಮ್ತಿತ್ತಾ? ನಾನು ನೋಡ್ಲಿಲ್ವಲ್ಲ."

"ಕೆಮ್ತಿತ್ತು."

ಬುಧವಾರ ಲಸಿಕೆಯ ದಿನ. ನಿಮಿಯಾಳ ಲೆಕ್ಕ ಸ್ಪಷ್ಟವಾಗಿತ್ತು. ಸುನಿಲ್ದಾ ಮರಳುವಷ್ಟರಲ್ಲಿ ಉಷ್ಣಮಾಪಕ ಮತ್ತೆ ನಾಲ್ಕಕ್ಕೆ ಇಳಿದಿರುತ್ತದೆ, ಅವಳಿಗೆ ಅನುಮಾನ ಬಾರದು. ಮಂಗಳವಾರವೇ ಹೇಳಿದರೆ ಸುನಿಲ್ದಾ ಸೀಸೆಗಳನ್ನು ಎಸೆದು, ಹಾಳೆ ಬದಲಿಸಿ, ಗಾಳಿಯ ಮೇಲೆ ತಪ್ಪು ಹೊರಿಸಿ ಬಚಾವಾಗುತ್ತಾಳೆ. ಮಕ್ಕಳಿಗೆ ಚುಚ್ಚಿದ ಮೇಲೆ ಹಾಳೆ ಬದಲಿಸಿ ಪ್ರಯೋಜನವಿಲ್ಲ. ಕೆಟ್ಟ ಲಸಿಕೆ ವಿಷವಲ್ಲ, ಬರೀ ನೀರು ಎಂದು ತನಗೆ ತಾನೇ ಹೇಳಿಕೊಂಡಳು. ಮತ್ತೆ ಹಾಕಿದರಾಯಿತು.

ಬುಧವಾರ ಬೆಳಗಿನ ಏಳರಿಂದ ಮಾವಿನ ಮರದ ಕೆಳಗೆ ಕುಳಿತು ಬಟಾಣಿ ಬಿಡಿಸಿದಳು. ಬೇಲಿಯಾಚೆ ಕೊಡೆ ಹಿಡಿದ ತಾಯಂದಿರು ಸಾಲು ನಿಂತಿದ್ದರು. ಅವರಲ್ಲಿ ಕೆಲವರು ಅವಳನ್ನು ನೋಡಿ ಕೈ ಬೀಸಿದರು. ಅವಳೂ ಬೀಸಿದಳು. ಚುಚ್ಚಿದಾಗೊಮ್ಮೆ ಒಂದು ಅಳು ಏಳುತ್ತಿತ್ತು. ಇಪ್ಪತ್ತಮೂರು ಅಳು ಕೇಳಿಸಿತು. ಇಪ್ಪತ್ತಮೂರನೆಯದು ಮುಗಿದ ಮೇಲೆ ಎದ್ದು, ಗುರುವಾರದ ಬಸ್ಸಿಗೆ ಬಿಳಿ ಅಂಗಿ ಒಗೆದು ಹಾಕಿದಳು.

ಪ್ರಾಂತ್ಯದ ಆರೋಗ್ಯ ಕಚೇರಿಯಲ್ಲಿ ಅವಳ ದೂರಿಗೆ ಯಾರೂ ಅಡ್ಡ ಬರಲಿಲ್ಲ. ಬರವಣಿಗೆ ಅಚ್ಚುಕಟ್ಟಾಗಿತ್ತು. ನಾಲ್ಕು ತಿಂಗಳು ತಿದ್ದಿದ ವಾಕ್ಯಗಳು. ಶುಕ್ರವಾರ ಹತ್ತು ಗಂಟೆಗೆ ಜೀಪಿನಲ್ಲಿ ಬಂದ ತಪಾಸಣಾಧಿಕಾರಿ ಡಾಕ್ಟರ್ ಫ್ಲೆಯಿತಾಸ್ ಫ್ರಿಜ್ಜಿಗೆ ಮೊಹರು ಹಾಕಿ, ಹಾಳೆಯನ್ನು ಕಿತ್ತು ಲಕೋಟೆಗೆ ಹಾಕಿದ. ಹನ್ನೊಂದಕ್ಕೆ ಸುನಿಲ್ದಾಳ ಅಮಾನತಿನ ಕಾಗದ ಬಾಗಿಲಿಗೆ ಅಂಟಿತು. ಕಾರಣ ಬರೆದಿತ್ತು, ಮೊಹರು ಇತ್ತು. ಬೇಲಿಯ ಬಳಿ ನಿಂತವರು ಅದನ್ನು ಗಟ್ಟಿಯಾಗಿ ಓದಿದರು. ನಿಮಿಯಾ ತನ್ನ ಅಂಗಳದಲ್ಲಿ ನಿಂತು ಪೂರ್ತಿ ಕೇಳಿದಳು. ಕೇಳಿ ಹೊಟ್ಟೆ ತಣ್ಣಗಾಯಿತು. ಬಹಳ ದಿನಗಳ ನಂತರ ಹಸಿವಾಯಿತು.

ಆಮೇಲೆ ಡಾಕ್ಟರ್ ಅವಳನ್ನು ಕರೆಸಿದ. ಮೇಜಿನ ಮೇಲೆ ಅವಳ ಎರಡು ಫೋಟೋಗಳ ಅಚ್ಚುಗಳಿದ್ದವು.

"ಇದು ತೆಗೆದದ್ದು ಯಾವಾಗಮ್ಮ?"

"ಅದರಲ್ಲೇ ಇದೆಯಲ್ಲ ಡಾಕ್ಟ್ರೇ."

"ಇದೆ. ಒಂಬತ್ತನೇ ತಾರೀಕು, ಬೆಳಿಗ್ಗೆ ಆರು ಹತ್ತು. ಮಕ್ಕಳಿಗೆ ಲಸಿಕೆ ಹಾಕಿದ್ದು ಹತ್ತನೇ ತಾರೀಕು. ನೀವು ನಮ್ಮ ಹತ್ರ ಬಂದದ್ದು ಹನ್ನೊಂದನೇ ತಾರೀಕು." ಅವನು ಕನ್ನಡಕ ತೆಗೆದ. "ನಿಮ್ಮ ನರ್ಸ್ ನೋಂದಣಿ ಇನ್ನೂ ಚಾಲ್ತಿಯಲ್ಲಿದೆ ಅಲ್ವಾ?"

"ಇದೆ."

"ಹಾಗಾದ್ರೆ ಈ ಫೋಟೋ ನಿಮ್ಮ ಮೇಲೂ ಸಾಕ್ಷಿ. ಬೇಕಾದ್ರೆ ದೂರಿನಿಂದ ತೆಗೀಬಹುದು. ಹಾಳೆ ನನ್ನ ಹತ್ರ ಇದೆ, ಆದ್ರೆ ಅದರಲ್ಲಿ ಇರೋದು ನಾಲ್ಕು ಡಿಗ್ರಿ. ಇಪ್ಪತ್ತಾರು ಇತ್ತು ಅಂತ ಹೇಳೋದು ಈ ಫೋಟೋ ಒಂದೇ. ಇಲ್ಲದಿದ್ರೆ ಆಯಮ್ಮ ಒಂದು ಎಚ್ಚರಿಕೆ ಪತ್ರ ತಗೊಂಡು ಸೋಮವಾರ ವಾಪಸ್ ಬಂದು ಕೂರ್ತಾರೆ."

ನಿಮಿಯಾ ಕಿಟಕಿಯಾಚೆ ನೋಡಿದಳು. ತಾನು ಬಟಾಣಿ ಬಿಡಿಸಿದ ಜಾಗ ಇಲ್ಲಿಂದ ಸ್ಪಷ್ಟವಾಗಿ ಕಾಣುತ್ತಿತ್ತು.

"ಫೋಟೋ ಇರಲಿ," ಎಂದಳು. "ಎಲ್ಲಿ ಸಹಿ?"

ಹೊರಗೆ ಬೆಂಚಿನ ಮೇಲೆ ಸುನಿಲ್ದಾ ಕುಳಿತಿದ್ದಳು. ಚಪ್ಪಲಿ ಪಕ್ಕಕ್ಕಿತ್ತು. ಪಾದದಲ್ಲಿ ಯಾತ್ರೆಯ ಬೊಬ್ಬೆಗಳು ಇನ್ನೂ ಒಣಗಿರಲಿಲ್ಲ.

"ನಿಂಗೆ ಗೊತ್ತಿತ್ತು," ಎಂದಳು. "ಬೇಲಿ ಹತ್ರ ಬಂದು ಒಂದು ಮಾತು ಹೇಳ್ಬಹುದಿತ್ತು."

"ಹೇಳಿದ್ರೆ ಸೀಸೆ ಎಸೆದು ಇನ್ನೊಂದು ಹಾಳೆ ಬರೀತಿದ್ರಿ."

"ಹೌದು, ಬರೀತಿದ್ದೆ." ಸುನಿಲ್ದಾ ಚಪ್ಪಲಿಗೆ ಕಾಲು ತೂರಿಸಿದಳು. "ಮಕ್ಕಳಿಗೆ ಮಾತ್ರ ಚುಚ್ತಿರ್ಲಿಲ್ಲ."

"ಈ ನ್ಯಾಯ ಜುಲೈನಲ್ಲಿ ನನ್ನ ಹೆಸರು ತೆಗೆಸುವಾಗ ಎಲ್ಲಿತ್ತು, ಲಿಸೆಂಸಿಯಾದಾ?"

ಸುನಿಲ್ದಾ ಎದ್ದು ಕುಂಟುತ್ತಾ ಗೇಟಿನತ್ತ ನಡೆದಳು. ನಿಮಿಯಾ ಅವಳು ರಸ್ತೆ ತಿರುಗುವ ತನಕ ನೋಡಿದಳು. ಕರುಣೆ ಬರಬಹುದೇನೋ ಎಂದು ಕಾದಳು. ಬರಲಿಲ್ಲ.

ಸಂಜೆ ಪಾಸ್ತೋರಾ ಮೊಮ್ಮಗನನ್ನು ಸೊಂಟದ ಮೇಲೆ ಹೊತ್ತು ಬಂದಳು. ಅಂಗಳದೊಳಕ್ಕೆ ಕಾಲಿಡಲಿಲ್ಲ.

"ಇವನು ಕೆಮ್ಮಿರ್ಲಿಲ್ಲ, ಅಲ್ವಾ?"

ನಿಮಿಯಾ ಮೇಜಿನ ಬಟ್ಟೆ ಮಡಿಸುತ್ತಿದ್ದಳು.

"ನನ್ನ ತಂಗಿ ಮಗಳು ಎರಡೂ ಮಕ್ಕಳನ್ನ ಕರ್ಕೊಂಡು ಬಂದಿದ್ಲು ಕೊಮಾದ್ರೆ. ನಿಂಗೆ ಕೈ ಬೀಸಿದ್ಲಂತೆ."

"ಬೀಸಿದ್ಲು."

"ನೀನೂ ಬೀಸಿದೆಯಂತೆ."

"ಹೂಂ."

ಪಾಸ್ತೋರಾ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ, ಬಂದ ದಾರಿಯಲ್ಲೇ ಹೋದಳು.

ಸೋಮವಾರ ಏಳು ಗಂಟೆಗೆ ಪ್ರಾಂತ್ಯ ಕಚೇರಿಯ ತಂಡ ಬಂದು ಇಪ್ಪತ್ತಮೂರು ಮಕ್ಕಳಿಗೂ ಮತ್ತೊಮ್ಮೆ ಲಸಿಕೆ ಹಾಕಲಿದೆ. ಸುನಿಲ್ದಾ ಓವೆಲಾರ್ ಮತ್ತು ನಿಮಿಯಾ ಕಾಂತೇರೊ ಇಬ್ಬರ ನೋಂದಣಿಯ ವಿಚಾರಣೆಯೂ ಜನವರಿ ಹದಿನಾಲ್ಕರಂದು, ಬೆಳಿಗ್ಗೆ ಎಂಟಕ್ಕೆ, ಒಂದೇ ಕೋಣೆಯಲ್ಲಿ ನಡೆಯುತ್ತದೆ.