ತಡವಾಗಿ ಹೊಡೆದ ಬೆಲ್

ಸಿಸ್ಟರ್ ಫೋನ್ ಮಾಡಿದಾಗ ನಾನು ಹುಮನಾಬಾದಿನ ನಮ್ಮ ವರ್ಕ್‌ಶಾಪಿನಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದೆ. ಅವರು ಬಸವಕಲ್ಯಾಣದ ಒಂದು ಸಣ್ಣ ಆಸ್ಪತ್ರೆಯ ನರ್ಸ್. ಗಂಡಸರ ವಾರ್ಡಿನ ಆರು ಹಾಸಿಗೆಗಳನ್ನು ಹಗಲೆಲ್ಲ ಅವರೊಬ್ಬರೇ ನೋಡಿಕೊಳ್ಳುತ್ತಿದ್ದರು; ರಾತ್ರಿಗೆ ಬೇರೆ ಇಬ್ಬರು ಬರುತ್ತಿದ್ದರು.

"ಮೇಡಂ, ನಿಮ್ಮ ಡಬ್ಬಿ ತಡಾ ಮಾಡಿ ಬೆಲ್ ಹೊಡಿಯಾಕತ್ತದ. ಗೋರ್ಟಾದ ಅಜ್ಜನ ತುಟಿ ನೀಲಿ ಆಗಿದ್ದು ನಾನ ಕಣ್ಣಿಲೆ ನೋಡೀನಿ. ಓಡಿ ಹೋಗಿ ಆಕ್ಸಿಜನ್ ಹಚ್ಚಿದ ಮ್ಯಾಲ ನಿಮ್ಮ ಬೆಲ್ ಹೊಡದದ."

ಆ ಡಬ್ಬಿ ಮಾಡಿದ್ದು ನಾನು ಮತ್ತು ನನ್ನ ಜೊತೆ ವರ್ಕ್‌ಶಾಪ್ ನಡೆಸುವ ಚಾಚಾ. ಚಾಚಾ ಮೂವತ್ತು ವರ್ಷ ರೇಡಿಯೊ, ಟಿವಿ ರಿಪೇರಿ ಮಾಡಿದವರು. ಸರ್ಕಿಟ್ ಅವರದು, ಸಾಫ್ಟ್‌ವೇರ್ ನನ್ನದು. ರೋಗಿಗಳ ಬೆರಳಿಗೆ ಹಾಕಿದ ಕ್ಲಿಪ್ಪಿನಿಂದ ರಕ್ತದ ಆಮ್ಲಜನಕದ ಲೆಕ್ಕ ಡಬ್ಬಿಗೆ ಬರುತ್ತಿತ್ತು. ಅದು ಇಳಿದ ಕೂಡಲೇ ನರ್ಸ್ ಮೇಜಿನ ಮೇಲೆ ಬೆಲ್ ಹೊಡೆಯಬೇಕು. ಡಬ್ಬಿಯ ಕೆಲಸವೇ ಅದು.

"ಗಾಬರಿಯೊಳಗ ನಿಮಗ ಹಂಗ ಅನಿಸಿರಬೇಕ್ರಿ ಸಿಸ್ಟರ್. ನಾವು ಎಲ್ಲಾ ಟೆಸ್ಟ್ ಮಾಡೇ ಕೊಟ್ಟೀವಿ" ಎಂದೆ.

"ಆಗಲ್ರಿ" ಎಂದು ಸಿಸ್ಟರ್ ಫೋನ್ ಇಟ್ಟುಬಿಟ್ಟರು.

ಊಟ ಸೇರಲಿಲ್ಲ. ಅಂಥದೇ ಇನ್ನೊಂದು ಡಬ್ಬಿಯನ್ನು ಮೇಜಿನ ಮೇಲಿಟ್ಟು, ಸುಳ್ಳು ಲೆಕ್ಕ ಕಳಿಸುತ್ತ ಪರೀಕ್ಷೆ ಮಾಡಿದೆ. ಪ್ರತಿ ಸಲವೂ ತಕ್ಷಣ ಹೊಡೆಯಿತು. ನಾನೇ ಸರಿ ಎಂದು ಎದೆ ಹಗುರಾಗುವಷ್ಟರಲ್ಲಿ ಒಂದು ಸಲ ಡಬ್ಬಿ ಸುಮ್ಮನಾಯಿತು. ನಾನು ಗಡಿಯಾರ ನೋಡುತ್ತ ನಿಂತೆ. ಹದಿನಾಲ್ಕು ಸೆಕೆಂಡಿನ ಮೇಲೆ ಬೆಲ್ ಹೊಡೆಯಿತು. ಉಸಿರು ಕಟ್ಟಿದ ಮನುಷ್ಯನಿಗೆ ಹದಿನಾಲ್ಕು ಸೆಕೆಂಡು ಎಷ್ಟು ದೊಡ್ಡದೆಂದು ಯೋಚಿಸಿ ಚಾಚಾನನ್ನು ಕರೆದು ಹೇಳಿದೆ.

ಚಾಚಾ ಬೆಸುಗೆಯ ಕಡ್ಡಿ ಕೆಳಗಿಟ್ಟರು. "ಆಸ್ಪತ್ರಿ ಡಬ್ಬಿ ಬಂದ್ ಮಾಡೂಣ ಬೇಟಿ."

"ಬಂದ್ ಮಾಡಿದ್ರ ಸಿಸ್ಟರ್ ಒಬ್ಬಾಕಿ ಹ್ಯಾಂಗ ನೋಡ್ಕೋತಾಳ ಚಾಚಾ?"

"ನಾ ಹೋಗಿ ನಿಂದರ್ತೀನಿ. ಕ್ಲಿಪ್ಪಿನ ಮ್ಯಾಲಿನ ನಂಬರ್ ಓದಾಕ ಬರ್ತದ ನನಗ. ನೀ ರೋಗ ಎಲ್ಲಿ ಅದ ಹುಡುಕು."

ಮರುದಿನದಿಂದ ಅವರು ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ, ನಾನು ಬಸವಕಲ್ಯಾಣದ ನನ್ನ ಮನೆಯಿಂದ ಹುಮನಾಬಾದಿನ ವರ್ಕ್‌ಶಾಪಿಗೆ. ನಮ್ಮ ಬಸ್ಸುಗಳು ರಾಜೇಶ್ವರದ ಹತ್ತಿರ ಎಲ್ಲೋ ಒಂದನ್ನೊಂದು ದಾಟುತ್ತಿದ್ದವು. ಅರವತ್ತು ದಾಟಿದ ಮನುಷ್ಯ ಹಗಲಿಡೀ ಆರು ಹಾಸಿಗೆಗಳ ನಡುವೆ ತಿರುಗುತ್ತಿದ್ದರು, ನಾನು ಕಂಪ್ಯೂಟರಿನ ಮುಂದೆ ಕೂತಿರುತ್ತಿದ್ದೆ.

ತಡ ಎಲ್ಲಾಗುತ್ತಿದೆ ಎಂದು ನೋಡಲು ಡಬ್ಬಿಯ ಸಾಫ್ಟ್‌ವೇರಿನ ತಿರುಳಾದ ಕರ್ನಲ್ಲಿನ ಒಳಗೆ ಇಣುಕಬೇಕಿತ್ತು. ಯಾವ ಕೆಲಸ ಯಾವಾಗ ನಡೆಯಬೇಕು, ಯಾವುದು ಕಾಯಬೇಕು ಎಂದು ತೀರ್ಮಾನಿಸುವುದು ಕರ್ನಲ್. ಯಾರು ಯಾರಿಗಾಗಿ ಎಷ್ಟು ಹೊತ್ತು ಕಾದರು ಎಂದು ಅಳೆದು ಹೇಳುವ ಒಂದು ಸಲಕರಣೆ ಇದೆ, ಪರ್ಫ್ ಅನ್ನುತ್ತಾರೆ. ನಮ್ಮ ಡಬ್ಬಿಯಲ್ಲಿ ಅದು ಇರಲಿಲ್ಲ. ಅಷ್ಟು ಸಣ್ಣ ಯಂತ್ರದಲ್ಲಿ ಏನನ್ನೂ ನೇರವಾಗಿ ಹಾಕಲು ಬರುವುದಿಲ್ಲ; ಅದಕ್ಕೆ ಬೇಕಾದ ಸಾಫ್ಟ್‌ವೇರನ್ನೆಲ್ಲ ದೊಡ್ಡ ಕಂಪ್ಯೂಟರಿನಲ್ಲಿ ಒಟ್ಟಿಗೆ ಕಟ್ಟಿ ಇಳಿಸಬೇಕು. ಹಾಗೆ ಕಟ್ಟುವ ಬಿಲ್ಡ್ ವ್ಯವಸ್ಥೆಗೆ ಪ್ರತಿಯೊಂದು ಸಾಮಾನಿಗೂ ಒಂದೊಂದು ರೆಸಿಪಿ ಬರೆದು ಕೊಡಬೇಕು: ಮೂಲ ಕೋಡ್ ಎಲ್ಲಿಂದ ತರಬೇಕು, ಜೊತೆಗೆ ಏನೇನು ಬೇಕು, ಹೇಗೆ ಕಟ್ಟಬೇಕು. ಅರ್ಧ ದಿನದ ಕೆಲಸ ಅಂದುಕೊಂಡೆ.

ಪರ್ಫ್‌ನ ಮೂಲ ಕೋಡ್ ಕರ್ನಲ್ಲಿನ ಕೋಡಿನೊಳಗೇ ಇರುತ್ತದೆ. ನಮ್ಮದು ಹಳೆಯ ಕರ್ನಲ್, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಹೊಸದು. ಹೊಸದು ಹಳೆಯದರ ಸಾಲುಸಾಲಿಗೂ ತಪ್ಪು ಹಿಡಿದು ನಿಂತಿತು. ಎಚ್ಚರಿಕೆಗಳನ್ನು ತಪ್ಪೆಂದು ಎಣಿಸಬೇಡ ಎಂದು ರೆಸಿಪಿಯಲ್ಲಿ ಬರೆದೆ. ಆಗ ಒಂದು ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ಇಲ್ಲ ಅಂದಿತು. ಅದನ್ನು ಕೊಟ್ಟರೆ ಆ ಲೈಬ್ರರಿಗೇ ಬೇಕಾದ ಮತ್ತೊಂದು ಇರಲಿಲ್ಲ. ಮೊದಲಿಂದ ಶುರುಮಾಡಿ, ಇನ್ನೇನು ಮುಗಿಯಿತು ಅನ್ನುವಾಗ ಕರೆಂಟ್ ಹೋಯಿತು. ಯುಪಿಎಸ್ ನಾಲ್ಕು ಸಲ ಕೂಗಿ ಸತ್ತಿತು. ಕಪ್ಪು ಪರದೆಯಲ್ಲಿ ನನ್ನ ಮುಖ ಕಂಡಿತು. ನೋಡಲಾಗದೆ ಹೊರಗೆ ಬಂದು ರಸ್ತೆಯ ಬದಿ ನಿಂತೆ.

ಎರಡನೆಯ ದಿನ ಕಟ್ಟಿ ಮುಗಿಯಿತು. ಡಬ್ಬಿಗೆ ಇಳಿಸಿ ಓಡಿಸಿದರೆ, ಈ ಕರ್ನಲ್ಲಿನಲ್ಲಿ ಅಳತೆಗೆ ಅವಕಾಶವಿಲ್ಲ ಎಂಬ ಒಂದೇ ಸಾಲು. ಜಾಗ ಉಳಿಸಲೆಂದು ಆ ಆಯ್ಕೆಗಳನ್ನು ಹಿಂದೆ ನಾನೇ ತೆಗೆದುಹಾಕಿದ್ದೆ. ಕರ್ನಲ್ಲನ್ನೂ ಹೊಸದಾಗಿ ಕಟ್ಟಬೇಕಾಯಿತು.

ಸಂಜೆ ಚಾಚಾ ಫೋನ್ ಮಾಡಿದರು. "ಆತೇನ ಬೇಟಿ?"

"ಇಲ್ಲ ಚಾಚಾ. ನಿಮ್ಮ ಕಾಲು ಹ್ಯಾಂಗವ?"

"ಕಾಲ್ ಬಿಡು. ಅಜ್ಜಂದು ಇವತ್ತ ಮತ್ತ ಇಳೀತು. ನಾ ಕೂಗಿದೆ, ಸಿಸ್ಟರ್ ಓಡಿ ಬಂದಳು. ಈಗ ಆರಾಮ ಅದಾನ."

ಚಾಚಾ ಆ ಗಳಿಗೆಯಲ್ಲಿ ಬೇರೆ ಹಾಸಿಗೆಯ ಕಡೆ ತಿರುಗಿದ್ದರೆ? ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಅದೇ ಯೋಚನೆ. ಪಕ್ಕದಲ್ಲಿ ಕೂತ ಹೆಂಗಸು "ಯಾಕವ್ವಾ, ಮೈಯಾಗ ಹುಷಾರಿಲ್ಲೇನ?" ಎಂದು ನೀರಿನ ಬಾಟಲಿ ಕೊಟ್ಟಳು. ಕುಡಿದು ಬಾಟಲಿ ತಿರುಗಿ ಕೊಟ್ಟೆ.

ಮೂರನೆಯ ದಿನ ಪರ್ಫ್ ಓಡಿತು, ಪಟ್ಟಿಯೂ ಬಂತು. ಆದರೆ ಕಾದ ಕೆಲಸಗಳ ಹೆಸರುಗಳಿರಬೇಕಾದಲ್ಲಿ ಬರೀ ಅಂಕಿಗಳು. ಹೆಸರುಗಳನ್ನೂ ಜಾಗ ಉಳಿಸಲೆಂದೇ ಕಿತ್ತುಹಾಕಿದ್ದೆವು. ಬಾಗಿಲು ಹಾಕಿಕೊಂಡು ಅತ್ತೆ. ಬೆಲ್ಲಿನ ಕೆಲಸಕ್ಕೆ ಆದ್ಯತೆ ಹೆಚ್ಚಿಸಿ, ಸರಿಹೋಯಿತು ಎಂದು ಹೇಳಿಬಿಡಲೇ ಅನ್ನಿಸಿತು. ಹತ್ತು ಸಲ ಪರೀಕ್ಷೆ ಮಾಡಿದರೆ ಹತ್ತೂ ಸಲ ಸರಿಯಾಗೇ ಹೊಡೆಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ಆ ಆಲೋಚನೆಯ ಜೊತೆ ನಾನು ಎಷ್ಟು ಹೊತ್ತು ಕೂತಿದ್ದೆ ಎಂಬುದನ್ನು ಚಾಚಾಗೆ ಇಂದಿಗೂ ಹೇಳಿಲ್ಲ.

ಕೊನೆಗೆ ಎದ್ದು ಮುಖ ತೊಳೆದು, ಹೆಸರುಗಳನ್ನು ಉಳಿಸಿಕೊಂಡು ಮತ್ತೊಮ್ಮೆ ಕಟ್ಟಿದೆ. ಮರುದಿನ ಮಧ್ಯಾಹ್ನ ಪಟ್ಟಿಯಲ್ಲಿ ಎಲ್ಲ ಸ್ಪಷ್ಟವಾಗಿತ್ತು. ಬೆಲ್ ಹೊಡೆಯುವ ಕೆಲಸ ಮೆಮೊರಿ ಕಾರ್ಡಿಗಾಗಿ ಕಾಯುತ್ತಿತ್ತು. ಕಾರ್ಡು ಒಮ್ಮೊಮ್ಮೆ ತನ್ನ ಒಳಗಿನ ಜಾಗ ಸರಿಮಾಡಿಕೊಳ್ಳುತ್ತ, ಬಂದದ್ದನ್ನು ಬರೆದುಕೊಳ್ಳದೆ ನಿಲ್ಲಿಸುತ್ತಿತ್ತು. ಕಾಯಲು ಹೇಳಿದವಳು ನಾನೇ. ಮೊದಲು ಸಮಯ ದಾಖಲಿಸು, ದಾಖಲೆ ಕಾರ್ಡಿನಲ್ಲಿ ಕೂತ ಮೇಲೆ ಬೆಲ್ ಹೊಡೆ ಎಂದು ಬರೆದಿದ್ದೆ. ನಾಳೆ ಏನಾದರೂ ಆದರೆ ತಪ್ಪು ನಮ್ಮದಲ್ಲ ಎಂದು ತೋರಿಸಲು ಆಧಾರ ಇರಲಿ ಎಂದು.

ಆ ಎರಡು ಸಾಲುಗಳನ್ನು ಹಿಂದುಮುಂದು ಮಾಡಿ, ದಾಖಲೆ ಬರೆಯುವುದನ್ನು ಬೇರೆಯೇ ಕೆಲಸವಾಗಿ ಒಡೆದೆ. ಅದಕ್ಕೆ ಐದು ನಿಮಿಷ ಹಿಡಿಯಿತು. ಆಮೇಲೆ ಒಂದು ವಾರ ಡಬ್ಬಿಯನ್ನು ಬಿಡದೆ ಪರೀಕ್ಷಿಸಿದೆ. ಆ ವಾರವೂ ಚಾಚಾ ವಾರ್ಡಿಗೆ ಹೋಗುತ್ತಲೇ ಇದ್ದರು.

ತಿದ್ದಿದ ಡಬ್ಬಿಯನ್ನು ವಾರ್ಡಿನಲ್ಲಿ ಇಡಲು ಹೋದ ಬೆಳಿಗ್ಗೆ ಸಿಸ್ಟರಿಗೆ ಎಲ್ಲ ಹೇಳಿದೆ, ಆ ದಾಖಲೆ ಯಾಕೆ ಬರೆಸಿದ್ದೆ ಅನ್ನುವುದನ್ನೂ. ಅವರು ಕೈಯಲ್ಲಿದ್ದ ಚಾರ್ಟ್ ಮೇಜಿನ ಮೇಲಿಟ್ಟರು.

"ತಪ್ಪು ಎಲ್ಲಾರ್ಗೂ ಆಗ್ತದ್ರಿ. ಆದ್ರ ಅವತ್ತ ನನಗ ಗಾಬರಿ ಅಂದ್ರಲ್ಲ? ಹದಿನೆಂಟು ವರ್ಷ ಆತು ನಾ ಈ ಕೆಲಸ ಮಾಡಾಕತ್ತು."

"ತಪ್ಪಾತ್ರಿ" ಎಂದೆ.

"ಕೂಡ್ರಿ ಇಲ್ಲೇ. ಹಗಲೆಲ್ಲ ಕೂತು ನೋಡ್ರಿ."

ಕೂತೆ. ಆ ದಿನ ಬೆಲ್ ಮೂರು ಸಲ ಹೊಡೆಯಿತು, ಮೂರೂ ಸಲ ಹೊತ್ತಿಗೆ ಸರಿಯಾಗಿ. ಪ್ರತಿ ಸಲವೂ ಸಿಸ್ಟರ್ ಬೆಲ್ಲಿಗಿಂತ ಮುಂಚೆಯೇ ಎದ್ದು ಹೊರಟಿದ್ದರು. ಸಂಜೆ ಆರಕ್ಕೆ ಅವರು "ಇನ್ನ ಹೋಗ್ರಿ" ಎಂದರು. ಡಬ್ಬಿ ಇಡಿ ಅನ್ನಲಿಲ್ಲ, ಒಯ್ಯಿರಿ ಅಂತಲೂ ಅನ್ನಲಿಲ್ಲ. ಅದನ್ನು ಅಲ್ಲೇ ಬಿಟ್ಟು ಬಂದೆ.