ಕಾಡಿನ ಗಿರಾಕಿಗಳು
ಹೇಳಿದ ದಿನಕ್ಕೆ ಬಟ್ಟೆ ಕೊಟ್ಟರೆಂಬ ಅಪವಾದ ಟೈಲರ್ ಮಾಮನ ಮೇಲೆ ಯಾವತ್ತೂ ಬಂದಿಲ್ಲ. ಮದುವೆಯ ಬೆಳಿಗ್ಗೆ ಓಡಿಬಂದ ಮದುಮಗನಿಗೂ “ನಾಳೆ ಬಾರಪ್ಪ” ಅಂದವರು. ಆದರೆ ಕಾಡಿಗೆ ಬೆಂಕಿ ಬಿದ್ದಾಗಿನಿಂದ, ಪಾದ ಸುಟ್ಟುಕೊಂಡ ಪ್ರಾಣಿಗಳಿಗೆ ಹತ್ತಿಬಟ್ಟೆಯ ಕಾಲುಚೀಲ ಹೊಲಿದುಕೊಂಡು, ದಿನಾ ಬೆಳಿಗ್ಗೆ ಏಳಕ್ಕೆಲ್ಲ ಪ್ರಾಣಿಗಳ ಆಸ್ಪತ್ರೆಯ ಬಾಗಿಲಲ್ಲಿ ನಿಂತಿರುತ್ತಾರೆ. ಅಳತೆಯಿಲ್ಲದೆ ಕತ್ತರಿ ಮುಟ್ಟುವವರಲ್ಲ. ಮೊಲಕ್ಕೂ ಎಡಗಾಲಿನದು ಬೇರೆ, ಬಲಗಾಲಿನದು ಬೇರೆ. ತೋಳವನ್ನು ಒಮ್ಮೆ ಟ್ರಯಲ್‌ಗೆ ಅಂಗಡಿಗೆ ಕಳಿಸಿ ಎಂದು ಡಾಕ್ಟರಮ್ಮನನ್ನು ಕೇಳಿದ್ದೂ ಉಂಟು. ಮೊನ್ನೆ ಕರಡಿಮರಿಯ ಕಾಲುಚೀಲದ ಹೊಲಿಗೆಯೊಳಗೆ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟಿದ್ದರು. “ಈ ಮರಿ ನಾಳೆವರೆಗೆ ಉಳಿಯೋದೇ ಕಷ್ಟ ಮಾಮ, ಇಷ್ಟೊಂದು ಬಟ್ಟೆ ಯಾಕೆ ಬಿಟ್ರಿ?” ಎಂದರು ಡಾಕ್ಟರಮ್ಮ. ಟೈಲರ್ ಮಾಮ ಕನ್ನಡಕ ಮೇಲೇರಿಸಿಕೊಂಡು, “ಬೆಳೆಯೋ ಮಗು ಅಲ್ವೇನಮ್ಮ, ಮುಂದಕ್ಕೆ ಬಿಚ್ಚಿ ದೊಡ್ಡದು ಮಾಡ್ಕೋಬೇಕಾಗುತ್ತೆ” ಎಂದರು.